ಆಹಾರ ಪರೀಕ್ಷೆಯ ಕಿಟ್: ಬಾಟಲಿಗಳು ಚೆನ್ನಾಗಿವೆ, ಪುಸ್ತಿಕೆ ದಂಡ

ಪ್ರಥಮ ಪಿಯುಸಿ ಬಯಾಲಜಿಯಲ್ಲಿ ಜೈವಿಕ ಅಣುಗಳ ಪಾಠ ಬಂತೆಂದರೆ ಹುಡುಗರ ಮುಖ ಸಪ್ಪಗಾಗುತ್ತದೆ. ಕಾರ್ಬೋಹೈಡ್ರೇಟ್, ಅಮೈನೋ ಆಮ್ಲ, ಲಿಪಿಡ್, ಕಿಣ್ವ, ಎಲ್ಲಾ ಬರೀ ಗೆರೆ ಮತ್ತು ಅಕ್ಷರ. ಮನೆಗೆ ಟ್ಯೂಷನ್‌ಗೆ ಬರುವವರಿಗೆ ಕಣ್ಣಿಗೆ ಕಾಣುವಂಥದ್ದು ಏನಾದರೂ ತೋರಿಸೋಣ ಅಂತ ಇಲ್ಲೇ ವಿಜಯಪುರದ ಗಾಂಧಿ ಚೌಕದ ಕಡೆ ಈ ಕಿಟ್ ತಗೊಂಡೆ. 850 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ, ಇಂಥವು ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ.

ಪೆಟ್ಟಿಗೆಯಲ್ಲಿ ಪಿಷ್ಟ ಪತ್ತೆಗೆ ಅಯೋಡಿನ್, ಕೆಲವು ಬಗೆಯ ಸಕ್ಕರೆಗೆ ಬೆನೆಡಿಕ್ಟ್ ದ್ರಾವಣ, ಪ್ರೋಟೀನ್ ಪತ್ತೆಯ ಬಯುರೆಟ್‌ಗೆ ಎರಡು ಬಾಟಲಿ, ಕೊಬ್ಬಿಗೆ ಸುಡಾನ್ 3, ಟೆಸ್ಟ್ ಟ್ಯೂಬ್, ಡ್ರಾಪರ್, ಒಂದು ಚಿಮುಟ ಇವೆ. ಜೊತೆಗೆ ಗ್ಲುಕೋಸ್ ಪುಡಿ, ಪಿಷ್ಟದ ಪುಡಿಯ ಸಣ್ಣ ಪೊಟ್ಟಣ. ಈ ಪೊಟ್ಟಣಗಳನ್ನು ಪಕ್ಕಕ್ಕಿಡಿ. ಪಿಷ್ಟ ಅಂತ ಚೀಟಿ ಅಂಟಿಸಿದ ಪುಡಿಯಲ್ಲಿ ಪಿಷ್ಟ ಇದೆ ಅಂತ ಗೊತ್ತಾದರೆ ಯಾರಿಗೆ ಏನು ಮಜಾ? ಅಡುಗೆಮನೆಗೆ ಹೋಗಿ.

ಮೊದಲು ಜೋಳದ ಹಿಟ್ಟು. ಒಂದು ಟ್ಯೂಬಿನಲ್ಲಿ ತಣ್ಣೀರಿಗೆ ಚಿಟಿಕೆ ಹಿಟ್ಟು, ಇನ್ನೊಂದರಲ್ಲಿ ಅದೇ ಹಿಟ್ಟನ್ನು ಕುದಿಸಿ ಆರಿಸಿದ ಗಂಜಿ. ಎರಡಕ್ಕೂ ಒಂದೊಂದು ಹನಿ ಅಯೋಡಿನ್. ತಣ್ಣೀರಿನದರಲ್ಲಿ ಕಪ್ಪು ನೀಲಿ ಕಣಗಳು ಸ್ವಲ್ಪ ಹೊತ್ತಿಗೆ ತಳಕ್ಕೆ ಕೂರುತ್ತವೆ, ಗಂಜಿ ಮಾತ್ರ ಮೇಲಿಂದ ಕೆಳಗಿನವರೆಗೂ ಒಂದೇ ನೀಲಿ. ಹಸಿ ಹಿಟ್ಟಿನಲ್ಲಿ ಪಿಷ್ಟ ಗಟ್ಟಿ ಕಾಳಿನ ಹಾಗೆ ಕೂತಿರುತ್ತದೆ, ಬಿಸಿ ನೀರು ತಾಗಿದಾಗ ನೀರು ಕುಡಿದು ಉಬ್ಬಿ ಬಿಚ್ಚಿಕೊಳ್ಳುತ್ತದೆ. ಎಸರು ಹಾಕದೆ ಜೋಳದ ರೊಟ್ಟಿ ಬಡಿಯಲು ಹೋದರೆ ಹಿಟ್ಟು ಯಾಕೆ ಒಡೆಯುತ್ತದೆ ಅಂತ ಒಬ್ಬಳು ಹುಡುಗಿ ಅಲ್ಲೇ ಹೇಳಿಬಿಟ್ಟಳು. ಜೋಳದಲ್ಲಿ ಗೋಧಿಯ ಗ್ಲುಟೆನ್ ಇಲ್ಲ ಅಲ್ವಾ, ಹಿಟ್ಟನ್ನು ಹಿಡಿದಿಡುವ ಕೆಲಸ ಈ ಬಿಚ್ಚಿಕೊಂಡ ಪಿಷ್ಟವೇ ಮಾಡಬೇಕು. ಗಂಜಿ ಬಿಸಿ ಇದ್ದಾಗ ಅಯೋಡಿನ್ ಹಾಕಬೇಡಿ, ಬಣ್ಣ ಬರುವುದಿಲ್ಲ. ಆರಿದ ಮೇಲೆ ಬರುತ್ತದೆ. ಪಿಷ್ಟದ ಸರಪಳಿ ಸುರುಳಿ ಸುತ್ತಿಕೊಂಡಿದ್ದಾಗ ಮಾತ್ರ ಅಯೋಡಿನ್ ಅದರೊಳಗೆ ಕೂರುತ್ತದೆ, ಕಾಯಿಸಿದರೆ ಸುರುಳಿ ಸಡಿಲ. ಪುಸ್ತಿಕೆಯಲ್ಲಿ ಇದರ ಸುದ್ದಿಯೇ ಇಲ್ಲ.

ಅಯೋಡಿನ್ ಹಾಕದೆ ಉಳಿಸಿದ ಅದೇ ಗಂಜಿಗೆ ಬಾಯಿಯ ಉಗುಳು ಸ್ವಲ್ಪ ಸೇರಿಸಿ, ಉಗುರುಬೆಚ್ಚಗಿನ ನೀರಲ್ಲಿ ಇಟ್ಟು, ಆಗಾಗ ಒಂದು ಹನಿ ತೆಗೆದು ತಟ್ಟೆಯ ಮೇಲೆ ಅಯೋಡಿನ್ ಹಾಕುತ್ತಾ ಹೋಗಿ. ನೀಲಿ ಕಮ್ಮಿಯಾಗುತ್ತಾ ಕೊನೆಗೆ ಬರೀ ಅಯೋಡಿನ್ನಿನ ಕಂದು ಉಳಿಯುತ್ತದೆ. ಉಗುಳಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಅನ್ನುವ ಸಕ್ಕರೆ ಮಾಡುವ ಕೆಲಸ ಅದು. ಉಗುಳನ್ನು ಮೊದಲೇ ಕುದಿಸಿ ಹಾಕಿದರೆ ಎಷ್ಟು ಹೊತ್ತು ಕಾದರೂ ನೀಲಿಯೇ. ಕಿಣ್ವವೂ ಪ್ರೋಟೀನ್, ಕಾಯಿಸಿದರೆ ಅದರ ಆಕಾರ ಕೆಡುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಬೆನೆಡಿಕ್ಟ್ ಈ ಪೆಟ್ಟಿಗೆಯ ಹೀರೋ. ದ್ರಾಕ್ಷಿ ನಮ್ಮೂರಲ್ಲಿ ಬೇಕಾದಷ್ಟು, ರಸ ಹಿಂಡಿ ನೀಲಿ ದ್ರಾವಣ ಸೇರಿಸಿ ಕುದಿಯುವ ನೀರಲ್ಲಿ ಇಟ್ಟರೆ ಹಸಿರು, ಹಳದಿ, ಆಮೇಲೆ ಇಟ್ಟಿಗೆ ಕೆಂಪು. ದ್ರಾಕ್ಷಿಯ ಗ್ಲುಕೋಸ್ ಮತ್ತು ಫ್ರುಕ್ಟೋಸ್ ದ್ರಾವಣದಲ್ಲಿರುವ ತಾಮ್ರದ ಅಯಾನಿಗೆ ಎಲೆಕ್ಟ್ರಾನ್ ಕೊಡುತ್ತವೆ, ತಳಕ್ಕೆ ಕೂರುವ ಕೆಂಪು ಕ್ಯುಪ್ರಸ್ ಆಕ್ಸೈಡ್. ಈಗ ಸಕ್ಕರೆ ನೀರು ಇಡಿ. ನೀಲಿ ನೀಲಿಯಾಗೇ ಇರುತ್ತದೆ! ಹುಡುಗರು ನಂಬುವುದಿಲ್ಲ, ಇಷ್ಟು ಸಿಹಿ ಇದ್ದೂ ಯಾಕೆ ಅಂತ ಜಗಳಕ್ಕೇ ಬರುತ್ತಾರೆ. ಸಕ್ಕರೆ ಅಂದರೆ ಸುಕ್ರೋಸ್, ಅದರಲ್ಲಿ ಗ್ಲುಕೋಸ್, ಫ್ರುಕ್ಟೋಸ್ ಎರಡೂ ಇವೆ, ಆದರೆ ಎಲೆಕ್ಟ್ರಾನ್ ಕೊಡುವ ತುದಿಗಳೇ ಒಂದಕ್ಕೊಂದು ಜೋಡಿಸಿಕೊಂಡಿವೆ. ಸಕ್ಕರೆ ನೀರಿಗೆ ಸಿಟ್ರಿಕ್ ಆಸಿಡ್ ಹಾಕಿ ಚೆನ್ನಾಗಿ ಕುದಿಸಿ, ಆಮೇಲೆ ನೊರೆ ನಿಲ್ಲುವ ತನಕ ಅಡುಗೆ ಸೋಡಾ ಹಾಕಿ ಮತ್ತೆ ಪರೀಕ್ಷೆ ಮಾಡಿದರೆ, ಸುಕ್ರೋಸ್ ಒಡೆದಿರುವುದರಿಂದ ಬಣ್ಣ ಬರುತ್ತದೆ. ಬೆಲ್ಲದ ನೀರಿಗೆ ಇದ್ಯಾವುದೂ ಬೇಡ. ಕಬ್ಬಿನ ಹಾಲು ಕಾಯಿಸುವಾಗಲೇ ಸುಕ್ರೋಸ್ ಸ್ವಲ್ಪ ಒಡೆದಿರುತ್ತದೆ, ನೇರವಾಗಿ ಕೆಂಪಾಗುತ್ತದೆ. ಬೆಳಗಾವಿ ಕುಂದಾ ಚೂರು ಇಟ್ಟರೂ ಕೆಂಪು, ಆದರೆ ಅಲ್ಲಿ ಕಾರಣ ಹಾಲಿನ ಲ್ಯಾಕ್ಟೋಸ್. ಕರದಂಟಿನ ಅಂಟು ಕೂಡ ಸಕ್ಕರೆ ಅಣುಗಳ ಉದ್ದ ಸರಪಳಿಯೇ, ಆದರೂ ಅಯೋಡಿನ್ನಿಗೆ ನೀಲಿ ಆಗುವುದಿಲ್ಲ. ಪಿಷ್ಟದ ಸುರುಳಿ ಅದಕ್ಕಿಲ್ಲ.

ಪುಸ್ತಿಕೆಯ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಬಯುರೆಟ್‌ನಲ್ಲಿ. ಮೊಟ್ಟೆಯ ಬಿಳಿಗೆ ಹಾಕಿದರೆ ಗಾಢ ನೇರಳೆ, ಹಾಲಿಗೂ ಬರುತ್ತದೆ. ಜೋಳದ ಹಿಟ್ಟು ಕದಡಿ ಸೋಸಿದ ನೀರಿಗೆ ಬಣ್ಣ ತೀರಾ ಪೇಲವ. 'ನೇರಳೆ ಬರದಿದ್ದರೆ ಪ್ರೋಟೀನ್ ಇಲ್ಲ' ಅಂತ ಒಂದೇ ಸಾಲು ಬರೆದು ಮುಗಿಸಿದ್ದಾರೆ. ಜೋಳದಲ್ಲಿ ಪ್ರೋಟೀನ್ ಇದೆ ಸ್ವಾಮಿ, ಅದರಲ್ಲಿ ಜಾಸ್ತಿ ಇರುವುದು ಕಾಫಿರಿನ್, ಅದು ಬರೀ ನೀರಲ್ಲಿ ಕರಗುವುದಿಲ್ಲ. ಸೋಸಿದಾಗ ಬಟ್ಟೆಯಲ್ಲೇ ಉಳಿಯಿತು. ಮಕ್ಕಳು ಇದನ್ನು ಓದಿ ರೊಟ್ಟಿಯಲ್ಲಿ ಪ್ರೋಟೀನ್ ಇಲ್ಲ ಅಂತ ಬರೆದುಕೊಂಡರೆ?

ಸುಡಾನ್ 3 ಸುಮ್ನೆ ಖರ್ಚು. ಶೇಂಗಾ ಜಜ್ಜಿ ಕಾಗದದ ಮೇಲೆ ತಿಕ್ಕಿದರೆ ಎಣ್ಣೆ ಕಲೆ ಕಾಣುತ್ತದೆ, ಒಣಗಿದರೂ ಹೋಗುವುದಿಲ್ಲ.

ಬಯುರೆಟ್‌ನ ಒಂದು ಬಾಟಲಿಯಲ್ಲಿರುವುದು ಕಾಸ್ಟಿಕ್ ಸೋಡಾ ದ್ರಾವಣ. ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕವನ್ನು ಕಿಟ್‌ನಲ್ಲಿ ಕೊಡದೇ ಇರುವುದು ದೊಡ್ಡ ತಪ್ಪು, ಬೇರೆ ತಗೊಳ್ಳಿ. ನನ್ನ ಕಿಟ್‌ನಲ್ಲಿ ಅದೇ ಬಾಟಲಿಯ ಮುಚ್ಚಳ ಸಡಿಲವಿದ್ದು ರಟ್ಟು ನೆನೆದಿತ್ತು. ಅಂಗಡಿಯವರು ಮಾತಿಲ್ಲದೆ ಬದಲಿಸಿದರು, ನೀವು ಅಲ್ಲೇ ತೆರೆದು ನೋಡಿ. ಟ್ಯೂಬ್ ನಿಲ್ಲಿಸುವ ಸ್ಟ್ಯಾಂಡೂ ಇಲ್ಲ. ಪುಸ್ತಿಕೆ ಇಂಗ್ಲಿಷಿನಲ್ಲಿ ಮಾತ್ರ, ಕನ್ನಡ ಮಾಧ್ಯಮದ ಹುಡುಗರಿಗೆ ನೀವೇ ಕೂತು ಹೇಳಬೇಕು.

ಕಾಲೇಜಿನ ಲ್ಯಾಬ್ ಸರಿಯಾಗಿ ನಡೆಯುತ್ತಿದ್ದರೆ ಇದು ಬೇಡ. ಮನೆಯಲ್ಲಿ ಮಾಡುವವರು ಇಡೀ ಪೆಟ್ಟಿಗೆಯ ಬದಲು ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಅಯೋಡಿನ್, ಬೆನೆಡಿಕ್ಟ್, ನಾಲ್ಕು ಟ್ಯೂಬ್ ಬಿಡಿಯಾಗಿ ಕೇಳಿ, ಅಗ್ಗಕ್ಕೆ ಆಗುತ್ತದೆ. ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಬೆನೆಡಿಕ್ಟ್‌ಗೇ.