ನಾಣ್ಯ ಹರಾಜಿನ ಜಾಲತಾಣ: ಐದು ನಕ್ಷತ್ರ ಮತ್ತು ಒಂದು ಆನೆ ಕಾಸು

ಹಳೆಯ ನಾಣ್ಯಗಳನ್ನು ಹರಾಜಿಗಿಡುವ ಜಾಲತಾಣವೊಂದನ್ನು ಎರಡು ವರ್ಷ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ದೋಷ ಅದೊಂದರದ್ದೇ ಅಲ್ಲವಾದ್ದರಿಂದ ತಾಣದ ಹೆಸರನ್ನು ಬಿಟ್ಟಿದ್ದೇನೆ.

ಟಿಪ್ಪುವಿನ ಕಾಲದ, ಶ್ರೀರಂಗಪಟ್ಟಣದ ಟಂಕಸಾಲೆಯದೆಂದು ವಿವರಿಸಿದ್ದ ಆನೆ ಕಾಸೊಂದರ (ಆನೆಯ ಚಿತ್ರವಿರುವ ತಾಮ್ರದ ನಾಣ್ಯ) ಹರಾಜು 1,850 ರೂಪಾಯಿಗೆ ನನ್ನ ಹೆಸರಿಗೆ ನಿಂತಿತು. ಮಾರಾಟಗಾರರಿಗೆ ಐದಕ್ಕೆ 4.9 ನಕ್ಷತ್ರಗಳಿದ್ದವು, ಪೊಟ್ಟಣವೂ ಮೂರೇ ದಿನದಲ್ಲಿ ಅಚ್ಚುಕಟ್ಟಾಗಿ ಬಂದುದರಿಂದ ಅಂದು ಸಂಜೆಯೇ ನಾನೂ ಐದು ನಕ್ಷತ್ರ ಒತ್ತಿದೆ. ತಕ್ಕಡಿಗೆ ಹಾಕಿದ್ದು ಮುಂದಿನ ವಾರ. ಸುಮಾರು 11 ಗ್ರಾಂ ತೂಗಬೇಕಾದ ಕಾಸು 8.6 ಗ್ರಾಂ ತೂಗಿತು. ಭೂತಗನ್ನಡಿಯಲ್ಲಿ ಮೈತುಂಬ ಸೂಜಿಮೊನೆಯಷ್ಟು ಗುಳಿಗಳು ಕಂಡವು, ಅಂಚಿನ ಸುತ್ತ, ಅಚ್ಚೊತ್ತಿದ ನಾಣ್ಯಕ್ಕಿರದ, ಎರಕದ ಗೆರೆಯೂ ಇತ್ತು. ಹದಿನೈದು ದಿನಗಳ ನಂತರ ಅದೇ ಮಾರಾಟಗಾರರು ಹರಾಜಿಗಿಟ್ಟ ಇನ್ನೊಂದು ಕಾಸಿನ ಚಿತ್ರದಲ್ಲಿ, ಆನೆಯ ಬಾಲದ ಪಕ್ಕ, ನನ್ನ ಕಾಸಿನಲ್ಲಿದ್ದ ಪೆಟ್ಟೇ ಕಂಡಾಗ ಸಂಶಯ ಉಳಿಯಲಿಲ್ಲ. ಒಂದೇ ಅಚ್ಚಿನಲ್ಲಿ ಟಂಕಿಸಿದ ಎರಡು ನಾಣ್ಯಗಳಿಗೂ ಚಲಾವಣೆಯಲ್ಲಿ ಬೀಳುವ ಪೆಟ್ಟು ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಇರಲಾರದು. ಎರಕ ಹೊಯ್ದ ನಕಲುಗಳಲ್ಲಾದರೆ ಮೂಲದ ಗಾಯವೂ ಎಲ್ಲಕ್ಕೂ ಇಳಿದು ಬರುತ್ತದೆ.

ಹಾಗಾದರೆ ಆ 4.9 ಸುಳ್ಳೇ? ಸುಳ್ಳಲ್ಲ. ಪೊಟ್ಟಣ ಬಿಚ್ಚಿದ ಕ್ಷಣದಲ್ಲಿ ಕೊಳ್ಳುವವನಿಗೆ ತಿಳಿದಿರುವುದು ಅಂಚೆಯ ವೇಗ ಮತ್ತು ಕಟ್ಟಿದ ಬಗೆ ಮಾತ್ರ, ಅವನು ಅಂಕ ಕೊಡುವುದೂ ಅದಕ್ಕೇ. ಕೊಳ್ಳುವವರೂ ಮಾರುವವರೂ ಪರಸ್ಪರ ಅಂಕ ಕೊಡುವ ಪದ್ಧತಿಯನ್ನು 1996ರಲ್ಲಿ ಆರಂಭಿಸಿದ ಅಮೆರಿಕದ ಹರಾಜು ತಾಣ ಇಬೇ, ಕೆಟ್ಟ ಅಂಕಕ್ಕೆ ಪ್ರತೀಕಾರವಾಗಿ ಮಾರಾಟಗಾರರೂ ಕೆಟ್ಟ ಅಂಕ ಕೊಡುತ್ತಿದ್ದುದರಿಂದ, 2008ರಲ್ಲಿ ಅವರಿಗಿದ್ದ ಆ ಅವಕಾಶವನ್ನು ತೆಗೆದುಹಾಕಿತು. ಅದರಿಂದ ಕೊಳ್ಳುವವರ ಅಂಜಿಕೆ ತಗ್ಗಿರಬಹುದು, ನಕಲಿಯನ್ನು ಗುರುತಿಸುವ ಕಣ್ಣು ಬರುವುದಿಲ್ಲ.

ಮಲೆನಾಡಿನ ಅಡಿಕೆ ಮಂಡಿಯಲ್ಲಿ ವ್ಯಾಪಾರಿಗಳು ರಾಶಿಗೆ ಕೈಹಾಕಿ ನೋಡಿದ ಮೇಲೆಯೇ ಟೆಂಡರ್ ಹಾಕುತ್ತಾರೆ. ಜಾಲತಾಣದಲ್ಲಿ ಸರಕೂ ಕೈಗೆ ಸಿಗದು, ಎದುರು ಕೂಗುವವರ ಮುಖವೂ ಕಾಣದು. ನನ್ನ ಹರಾಜಿನಲ್ಲಿ ಒಂದೇ ಖಾತೆ ಐವತ್ತೈವತ್ತು ರೂಪಾಯಿ ಏರಿಸುತ್ತ ಬಂದು 1,800ಕ್ಕೆ ಸುಮ್ಮನಾಯಿತು. ಅದು ಮಾರಾಟಗಾರರದೇ ಕಡೆಯವರದೆಂದು ಸಾಧಿಸಲು ನನ್ನ ಬಳಿ ಆಧಾರವಿಲ್ಲ; ಹೆಸರುಗಳನ್ನು ಚುಕ್ಕಿಗಳ ಹಿಂದೆ ಮರೆಸುವ ತಾಣದಲ್ಲಿ ಯಾರ ಬಳಿಯೂ ಇರುವುದಿಲ್ಲ.

ಮಾರುವವರಿಗೂ ಸುಖವಿಲ್ಲ. ನಾನು ಮಾರಲಿಟ್ಟ ಮೈಸೂರು ಕಾಸುಗಳಿಗೆ ತಾಣದ ಹೊರಗೇ ಹಣ ಕೊಡುವೆನೆಂದ ಒಬ್ಬರು ಕ್ಯೂಆರ್ ಕೋಡ್ ಕಳುಹಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಲು ಹೇಳಿದರು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲವೆಂಬುದು ನೆನಪಿದ್ದುದರಿಂದ ಉಳಿದುಕೊಂಡೆ.

ಆನೆ ಕಾಸಿನ ವಿಷಯದಲ್ಲಿ, ತೂಕದ ಮತ್ತು ಎರಡೂ ಕಾಸುಗಳ ಚಿತ್ರಗಳನ್ನು ತಾಣಕ್ಕೆ ಕಳುಹಿಸಿದ ಮೇಲೆ, 26 ದಿನಗಳಲ್ಲಿ, ಅಂಚೆ ವೆಚ್ಚ ಕಳೆದು ಹಣ ಮರಳಿತು. ಅಷ್ಟರ ಮಟ್ಟಿಗೆ ತಾಣಕ್ಕೆ ಐದಕ್ಕೆ ಎರಡೂವರೆ ಕೊಡಬಲ್ಲೆ. ನಿಯಮದಂತೆ ಕಾಸನ್ನು ಮಾರಾಟಗಾರರಿಗೇ ಹಿಂದಿರುಗಿಸಬೇಕಾಯಿತು. ಆನೆ ಕಾಸು ಹರಾಜಿಗೆ ಬಂದಾಗಲೆಲ್ಲ ಈಗ ಮೊದಲು ಬಾಲದ ಪಕ್ಕ ನೋಡುತ್ತೇನೆ.