ಲಿನಕ್ಸ್ ಗಣಕಕ್ಕೆ ಯಾವ ಮೋಡೆಮ್: ಬಳಸಿ ನೋಡಿದ ಮೇಲೆ ಒಂದು ಹೋಲಿಕೆ

ಮೋಡೆಮ್ ಲಿನಕ್ಸ್‌ಗೆ ಹೊಂದುತ್ತದೆಯೇ ಎಂದು ಕೇಳಿದರೆ ಮಾರುವವರು ಸಾಮಾನ್ಯವಾಗಿ ಡಬ್ಬಿಯನ್ನು ಹೊರಳಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತಾರೆ. ಅಲ್ಲಿ ವಿಂಡೋಸ್ ಮತ್ತು ಮ್ಯಾಕ್ ಹೆಸರುಗಳು ಮಾತ್ರ ಇದ್ದರೆ ಇಲ್ಲವೆಂದುಬಿಡುತ್ತಾರೆ. ಆ ಸಾಲನ್ನು ನಂಬಿ ಒಮ್ಮೆ ಚೆನ್ನಾಗಿಯೇ ನಡೆಯುತ್ತಿದ್ದ ಮೋಡೆಮ್ ಒಂದನ್ನು ಕೊಳ್ಳದೆ ಬಿಟ್ಟಿದ್ದೇನೆ; ಇನ್ನೊಮ್ಮೆ ಅದರಲ್ಲಿ ಲಿನಕ್ಸ್ ಎಂಬ ಹೆಸರು ಇದ್ದುದರಿಂದಲೇ ಕೊಂಡು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ಇಷ್ಟು ವರ್ಷಗಳಲ್ಲಿ ನಾಲ್ಕು ಬಗೆಯ ಮೋಡೆಮ್‌ಗಳನ್ನು ಡೆಬಿಯನ್ ಎಂಬ ಲಿನಕ್ಸ್ ಇರುವ ಗಣಕಕ್ಕೆ ಜೋಡಿಸಿ ನೋಡಿದ ನನಗೆ, ಡಬ್ಬಿಯ ಮೇಲಿನ ಹೆಸರುಗಳಿಗಿಂತ ಮೋಡೆಮ್ ಗಣಕವನ್ನು ಯಾವ ಕಿಂಡಿಯ ಮೂಲಕ ಮಾತನಾಡಿಸುತ್ತದೆ ಎಂಬುದೇ ಮುಖ್ಯವೆಂದು ತೋರಿದೆ.

ಮೊದಲನೆಯದು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ, ದೂರವಾಣಿ ತಂತಿಯಲ್ಲೇ ಅಂತರ್ಜಾಲ ತರುವ ಎಡಿಎಸ್‌ಎಲ್ ಮೋಡೆಮ್. ಹೊಸದಾಗಿ ಇದನ್ನು ಕೊಳ್ಳುವವರು ಈಗ ಇರಲಾರರು, ಆದರೆ ಹಳೆಯ ಸಾಮಾನಿನಲ್ಲಿ ಸಿಕ್ಕಿತೆಂದು ಬಳಸಲು ಹೊರಡುವವರು ಇನ್ನೂ ಇದ್ದಾರೆ. ನೋಡಲು ಪುಟ್ಟದಾದ ಈ ಪೆಟ್ಟಿಗೆ ಒಳಗೆ ಅರ್ಧ ಮಾತ್ರ ಮೋಡೆಮ್. ಉಳಿದರ್ಧದ ಕೆಲಸವನ್ನು ಗಣಕವೇ ಮಾಡಬೇಕು. ದೂರವಾಣಿ ತಂತಿಯಲ್ಲಿ ಬರುವ ಮಾಹಿತಿ 53 ಬೈಟ್‌ಗಳ ಎಟಿಎಂ ಕೋಶಗಳಾಗಿ ತುಂಡಾಗಿರುತ್ತದೆ, ಅವನ್ನು ಪೋಣಿಸಿ ಪ್ಯಾಕೆಟ್ ಮಾಡುವ ಕೆಲಸ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಯುಎಸ್‌ಬಿಎಟಿಎಂ ಭಾಗಕ್ಕೆ ಬೀಳುತ್ತದೆ. ಅದರ ಮೇಲೆ ಚಿಪ್‌ಗೆ ತಕ್ಕ ಡ್ರೈವರ್ ಬೇಕು: ಸ್ಪೀಡ್‌ಟಚ್ ಬಗೆಗೆ ಒಂದು, ಕೊನೆಕ್ಸಂಟ್ ಆಕ್ಸೆಸ್‌ರನ್ನರ್‌ಗೆ ಒಂದು, ಈಗಲ್ ಚಿಪ್‌ಗೆ ಮತ್ತೊಂದು. ಈ ಮೂರೂ ಕರ್ನಲ್‌ನಲ್ಲಿ ಸೇರಿಕೊಂಡವೇ. ಆದರೂ ನನ್ನ ಮೋಡೆಮ್ ಏಳಲಿಲ್ಲ, ಏಕೆಂದರೆ ಪ್ರತಿ ಸಲ ಸಿಕ್ಕಿಸಿದಾಗಲೂ ಅದಕ್ಕೆ ಫರ್ಮ್‌ವೇರ್, ಅಂದರೆ ಚಿಪ್ಪನ್ನು ನಡೆಸುವ ಒಳತಂತ್ರಾಂಶ, ಉಣಿಸಬೇಕಾಗಿತ್ತು, ಮತ್ತು ಆ ಫರ್ಮ್‌ವೇರನ್ನು ಹಂಚುವ ಅನುಮತಿ ಇಲ್ಲದ್ದರಿಂದ ಅದು ವ್ಯವಸ್ಥೆಯ ಜೊತೆ ಬಂದಿರಲಿಲ್ಲ. ಅಂತರ್ಜಾಲಕ್ಕೆ ಸೇರಲು ಬೇಕಾದ ಕಡತವನ್ನು ಅಂತರ್ಜಾಲದಿಂದಲೇ ತರಬೇಕಾದ ಫಜೀತಿಯನ್ನು ಅನುಭವಿಸಿದವರೇ ಬಲ್ಲರು. ಇನ್ನೊಂದು ಗಣಕದಿಂದ ಕಡತ ತಂದು ಸರಿಯಾದ ಕಡತಕೋಶದಲ್ಲಿ ಇಟ್ಟ ಮೇಲೆ ಎಡಿಎಸ್‌ಎಲ್ ದೀಪ ಮಿನುಗಿ ಮಿನುಗಿ ಕೊನೆಗೆ ನಿಂತು ಉರಿಯಿತು. ಆದರೆ ಸಂಪರ್ಕ ಬರಲಿಲ್ಲ. ಸೇವಾದಾರರ ಕಡೆಗಿನ ದಾರಿಯನ್ನು ಗುರುತಿಸುವ ವಿಪಿಐ, ವಿಸಿಐ ಎಂಬ ಎರಡು ಸಂಖ್ಯೆಗಳಲ್ಲಿ ಒಂದನ್ನು ತಪ್ಪಾಗಿ ಬರೆದಿದ್ದೆನೆಂದು ತಿಳಿದದ್ದು ಮರುದಿನ. ತಂತಿಯ ಸಂಕೇತ ಹೊಂದಿದರೆ ದೀಪ ಉರಿಯುತ್ತದೆ, ಈ ಸಂಖ್ಯೆಗಳ ತಪ್ಪು ಅದಕ್ಕೆ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿ ಗೆದ್ದರೂ ಲಾಭ ಅಷ್ಟಕ್ಕಷ್ಟೇ. ಅಂಥ ಹಳೆಯ ಮೋಡೆಮ್‌ಗಳು ಯುಎಸ್‌ಬಿ 1.1ರವು, ಆ ಕಿಂಡಿಯ ಒಟ್ಟು ವೇಗ ಸೆಕೆಂಡಿಗೆ 12 ಮೆಗಾಬಿಟ್. ಎಡಿಎಸ್‌ಎಲ್2+ ತಂತಿಯೇ 24 ಮೆಗಾಬಿಟ್‌ವರೆಗೆ ಕೊಡಬಲ್ಲದು. ಉಚಿತವಾಗಿ ಸಿಕ್ಕರೂ ಬೇಡವೆನ್ನುವುದು ನನ್ನ ಅಭಿಪ್ರಾಯ.

ಎರಡನೆಯದಾದ ಈಥರ್ನೆಟ್ ಮೋಡೆಮ್‌ನಲ್ಲಿ ಈ ಗೋಳು ಯಾವುದೂ ಇಲ್ಲ. ಗಣಕದ ನೆಟ್‌ವರ್ಕ್ ಕಾರ್ಡ್‌ಗೆ ಡ್ರೈವರ್ ಇದ್ದರೆ ಸಾಕು, ಮೋಡೆಮ್‌ಗೆ ಬೇರೆ ಡ್ರೈವರ್ ಎಂಬುದೇ ಇಲ್ಲ. ಲಿನಕ್ಸ್ ಇರಲಿ, ಫ್ರೀಬಿಎಸ್‌ಡಿ ಇರಲಿ, ತಂತಿಯ ಆಚೆ ತುದಿಯಲ್ಲಿ ಯಾವ ವ್ಯವಸ್ಥೆ ಇದೆಯೆಂದು ಅದು ಕೇಳುವುದೂ ಇಲ್ಲ. ಜೊತೆಗೆ ಬಂದ ಸಿಡಿಯನ್ನು ಹೊರಗೆ ತೆಗೆಯದೆಯೇ ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದು, ಸೇವಾದಾರರು ಕೊಟ್ಟ ಬಳಕೆದಾರ ಹೆಸರು ಮತ್ತು ಗುಪ್ತಪದವನ್ನು ತುಂಬಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನಾನು ಬಳಸಿದ ಒಂದು ಪೆಟ್ಟಿಗೆಯ ಪುಟ ಮಾತ್ರ ಫೈರ್‌ಫಾಕ್ಸ್‌ನಲ್ಲಿ ಉಳಿಸುವ ಗುಂಡಿಯನ್ನೇ ತೋರಿಸುತ್ತಿರಲಿಲ್ಲ, ಬೇರೆ ಬ್ರೌಸರ್ ಹಾಕಿದ ಮೇಲೆ ಅದು ಕಾಣಿಸಿತು. ಈಗಿನ ಫೈಬರ್ ಸಂಪರ್ಕದ ಒಎನ್‌ಟಿ ಪೆಟ್ಟಿಗೆಯೂ ಇದೇ ಜಾತಿಗೆ ಸೇರಿದ್ದು, ಆದ್ದರಿಂದ ಇಲ್ಲಿ ಹೇಳಿದ್ದು ಅದಕ್ಕೂ ಬಹುಪಾಲು ಅನ್ವಯಿಸುತ್ತದೆ.

ಆಯ್ಕೆ ಮಾಡಬೇಕಾದದ್ದು ಇದರ ಒಳಗೇ ಇದೆ. ಪೆಟ್ಟಿಗೆಯನ್ನು ರೂಟರ್ ಆಗಿ ಬಿಡಬೇಕೋ, ಬ್ರಿಡ್ಜ್ ಮಾಡಿ, ಅಂದರೆ ಬರಿಯ ಸೇತುವೆಯಾಗಿಸಿ, ಲಾಗಿನ್ ಕೆಲಸವನ್ನು ಗಣಕಕ್ಕೆ ವಹಿಸಬೇಕೋ? ರೂಟರ್ ಆಗಿ ಬಿಟ್ಟರೆ ನೆಮ್ಮದಿ ಹೆಚ್ಚು, ಆದರೆ ಅದರೊಳಗಿನ ಹಳೆಯ ತಂತ್ರಾಂಶಕ್ಕೆ ತಯಾರಕರು ಪರಿಷ್ಕರಣೆ ಕೊಡುವುದನ್ನು ನಿಲ್ಲಿಸಿದ ದಿನದಿಂದ ನಿಮ್ಮ ಮನೆಬಾಗಿಲಿಗೆ ಹಳೆಯ ಬೀಗವೇ ಗತಿ. ಬ್ರಿಡ್ಜ್ ಮಾಡಿದರೆ ಫೈರ್‌ವಾಲ್ ನಿಮ್ಮ ಲಿನಕ್ಸ್‌ನದು, ಅದನ್ನು ಹೊಸದಾಗಿ ಇಟ್ಟುಕೊಳ್ಳುವುದು ನಿಮ್ಮ ಕೈಯಲ್ಲಿದೆ. ನಾನು ಬ್ರಿಡ್ಜ್ ಆರಿಸಿಕೊಂಡೆ, ಅದಕ್ಕೆ ತಕ್ಕ ಪಾಠವನ್ನೂ ಕಲಿತೆ.

ಪಿಪಿಪಿಡಿ ಎಂಬ ತಂತ್ರಾಂಶದ ಮೂಲಕ ಪಿಪಿಪಿಒಇ (ಈಥರ್ನೆಟ್ ಮೇಲೆ ಲಾಗಿನ್ ಮಾಡುವ ವಿಧಾನ) ಸಂಪರ್ಕ ಮೊದಲ ಪ್ರಯತ್ನಕ್ಕೇ ಬಂತು, ಗಣಕದಲ್ಲಿ ಎಲ್ಲ ತಾಣಗಳೂ ತೆರೆದವು. ಅದೇ ಗಣಕದ ಹಿಂದೆ ಜೋಡಿಸಿದ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ವಿಚಿತ್ರ: ಕೆಲವು ತಾಣಗಳು ತಟ್ಟನೆ ತೆರೆದರೆ ಕೆಲವು ಬಿಳಿ ಪುಟದಲ್ಲೇ ಸುತ್ತುತ್ತ ಕೂತುಬಿಡುತ್ತಿದ್ದವು. ಮೋಡೆಮ್ ಕೆಟ್ಟಿದೆಯೆಂದು ಒಂದು ವಾರ ಅದನ್ನೇ ಶಪಿಸಿದೆ. ಕಾರಣ ಎಂಟು ಬೈಟ್‌ಗಳು. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಪಿಪಿಪಿಒಇ ತನ್ನ ತಲೆಬರಹಕ್ಕೆಂದು ಅದರಲ್ಲಿ 8 ಬೈಟ್ ತೆಗೆದುಕೊಳ್ಳುವುದರಿಂದ 1492 ಮಾತ್ರ ಉಳಿಯುತ್ತದೆ. ನನ್ನ ಗಣಕಕ್ಕೆ ಇದು ಗೊತ್ತಿತ್ತು, ಲ್ಯಾಪ್‌ಟಾಪ್‌ಗೆ ಗೊತ್ತಿರಲಿಲ್ಲ. ಅದು 1500ರ ಲೆಕ್ಕದಲ್ಲಿ ಆಚೆಯ ಸರ್ವರ್‌ಗಳಿಂದ ದೊಡ್ಡ ಪ್ಯಾಕೆಟ್ ಬೇಡುತ್ತಿತ್ತು, ಅವು ದಾರಿಯಲ್ಲೇ ಬಿದ್ದುಹೋಗುತ್ತಿದ್ದವು. ಲ್ಯಾಪ್‌ಟಾಪ್‌ನಿಂದ ತುಂಡರಿಸಬೇಡ ಎಂಬ ಗುರುತಿನೊಡನೆ ಪಿಂಗ್ ಕಳಿಸಿದಾಗ 1464 ಬೈಟ್‌ಗೆ ಉತ್ತರ ಬಂತು, 1465ಕ್ಕೆ ತುಂಡರಿಸದೆ ಹೋಗದು ಎಂಬ ದೂರು ಬಂತು. 1464ಕ್ಕೆ ತಲೆಬರಹದ 28 ಕೂಡಿದರೆ ಸರಿಯಾಗಿ 1492. ಟಿಸಿಪಿ ಸಂಪರ್ಕಗಳ ಎಂಎಸ್‌ಎಸ್ ಮಿತಿಯನ್ನು, ಅಂದರೆ ತಲೆಬರಹ ಬಿಟ್ಟು ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಮಾಹಿತಿಯನ್ನು, 1452ಕ್ಕೆ ಇಳಿಸುವ ಒಂದು ಸಾಲಿನ ನಿಯಮವನ್ನು ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ಗೆ ಸೇರಿಸಿದೊಡನೆ ಬಿಳಿ ಪುಟಗಳೆಲ್ಲ ತುಂಬಿಕೊಂಡವು. ಪೆಟ್ಟಿಗೆಯನ್ನು ರೂಟರ್ ಆಗಿಯೇ ಬಿಟ್ಟಿದ್ದರೆ ಸಾಮಾನ್ಯವಾಗಿ ಈ ಕೆಲಸವನ್ನು ಅದೇ ಸದ್ದಿಲ್ಲದೆ ಮಾಡುತ್ತಿತ್ತು.

ಕೆಲವು ಈಥರ್ನೆಟ್ ಮೋಡೆಮ್‌ಗಳಿಗೆ ಪಕ್ಕದಲ್ಲೊಂದು ಯುಎಸ್‌ಬಿ ಕಿಂಡಿಯೂ ಇರುತ್ತದೆ. ಅದು ಯುಎಸ್‌ಬಿ ಮೂಲಕವೇ ಈಥರ್ನೆಟ್‌ನಂತೆ ನಡೆಯುವ ಸಿಡಿಸಿ ಈಥರ್ನೆಟ್ ಅಥವಾ ಆರ್‌ಎನ್‌ಡಿಐಎಸ್ ಬಗೆಯದಾದರೆ ಲಿನಕ್ಸ್ ಅದನ್ನೂ ಗುರುತಿಸುತ್ತದೆ, ಆದರೂ ಪಕ್ಕದಲ್ಲೇ ಈಥರ್ನೆಟ್ ಇರುವಾಗ ಅದನ್ನು ಮುಟ್ಟಲು ಕಾರಣವಿಲ್ಲ.

ಮೂರನೆಯದು ಸಿಮ್ ಹಾಕುವ 4ಜಿ ಡಾಂಗಲ್. ಸಿಕ್ಕಿಸಿದೊಡನೆ ಪರದೆಯ ಮೇಲೆ ಮೋಡೆಮ್ ಬದಲು ಒಂದು ಸಿಡಿಯ ಚಿತ್ರ ಬಂದರೆ ಗಾಬರಿ ಬೇಡ. ವಿಂಡೋಸ್ ಡ್ರೈವರನ್ನು ಒಳಗೇ ಇಟ್ಟುಕೊಂಡು ಮೊದಲು ಸಿಡಿಯಂತೆ ವೇಷ ಹಾಕಿ ಬರುವುದು ಇಂಥ ಹಲವು ಡಾಂಗಲ್‌ಗಳ ಚಾಳಿ. ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪುಟ್ಟ ತಂತ್ರಾಂಶ ಸರಿಯಾದ ಸಂದೇಶ ಕಳಿಸಿ ಆ ವೇಷ ಕಳಚಿಸುತ್ತದೆ. ಸಿಕ್ಕಿಸಿದ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಯುಎಸ್‌ಬಿ ಆದೇಶವನ್ನು ಮೊದಲೊಮ್ಮೆ, ಐದಾರು ಸೆಕೆಂಡಿನ ನಂತರ ಮತ್ತೊಮ್ಮೆ ಕೊಟ್ಟು ನೋಡಿದರೆ ಸಾಧನದ ಗುರುತಿನ ಕೊನೆಯ ನಾಲ್ಕು ಅಕ್ಷರಗಳು ಬದಲಾಗಿರುವುದು ಕಾಣುತ್ತದೆ. ಬದಲಾಗದಿದ್ದರೆ ಮುಂದಿನ ಯಾವ ಪ್ರಯತ್ನವೂ ವ್ಯರ್ಥ.

ವೇಷ ಕಳಚಿದ ಮೇಲೆ ಎರಡು ಬಗೆಗಳು ಕಾಣುತ್ತವೆ. ಒಂದು, ನಿಜವಾದ ಮೋಡೆಮ್ ಆಗಿ ನಿಲ್ಲುವುದು: ಕ್ಯುಎಂಐ ಅಥವಾ ಎಂಬಿಐಎಂ ಎಂಬ ಮೋಡೆಮ್ ಭಾಷೆ ಮಾತನಾಡುವ ಇದನ್ನು ಮೋಡೆಮ್‌ಮ್ಯಾನೇಜರ್ ನಡೆಸುತ್ತದೆ, ಸಂಕೇತದ ಬಲ, ಸಿಮ್‌ನ ಸ್ಥಿತಿ, ಎಸ್‌ಎಂಎಸ್ ಎಲ್ಲವೂ ಟರ್ಮಿನಲ್‌ನಲ್ಲೇ ದೊರೆಯುತ್ತವೆ. ಎಂಬಿಐಎಂ ಡ್ರೈವರ್ 2013ರ 3.8 ಕರ್ನಲ್‌ನಿಂದಲೇ ಇದೆ. ಇನ್ನೊಂದು, ಹುವಾವೇ ಹೈಲಿಂಕ್ ಎಂದು ಕರೆಯುವ ಬಗೆ: ಡಾಂಗಲ್ ತಾನೇ ಪುಟ್ಟ ರೂಟರ್ ಆಗಿ, ಗಣಕಕ್ಕೆ ಒಂದು ಈಥರ್ನೆಟ್ ಕಾರ್ಡಿನಂತೆ ಕಾಣಿಸಿಕೊಂಡು, 192.168.8.1ರಲ್ಲಿ ತನ್ನ ಪುಟ ತೆರೆದಿಡುತ್ತದೆ. ಹೊಸಬರಿಗೆ ಎರಡನೆಯದೇ ಸುಲಭ. ಹೊರಗಿನಿಂದ ಮನೆಯ ಗಣಕವನ್ನು ತಲುಪುವುದೇ ಮೊದಲಾದ ಆಸೆಗಳಿದ್ದವರಿಗೆ ಅದರೊಳಗಿನ ಎನ್‌ಎಟಿ (ಒಳಗಿನ ವಿಳಾಸಗಳನ್ನು ಮರೆಮಾಡುವ ಏರ್ಪಾಡು) ಇನ್ನೊಂದು ಗೋಡೆ. ಒಂದೇ ಮಾದರಿಯ ಹೆಸರಿನಲ್ಲಿ ಎರಡೂ ಬಗೆ ಬರುವುದುಂಟು, ಕೊನೆಯ ಒಂದಕ್ಷರದಲ್ಲಿ ಮಾತ್ರ ವ್ಯತ್ಯಾಸ. ಕೊಳ್ಳುವಾಗ ಆ ಅಕ್ಷರವನ್ನು ನೋಡದೆ ಹಣ ಕೊಡಬೇಡಿ.

ನಾಲ್ಕನೆಯದು ಮೋಡೆಮ್‌ನೊಳಗೇ ಮುಕ್ತ ತಂತ್ರಾಂಶ ಹಾಕುವ ದಾರಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಅಂಥ ತಂತ್ರಾಂಶ ಲಾಂಟಿಕ್ ಚಿಪ್ ಇರುವ ಕೆಲವು ಡಿಎಸ್‌ಎಲ್ ಪೆಟ್ಟಿಗೆಗಳನ್ನು ನಡೆಸಬಲ್ಲದು. ಬ್ರಾಡ್‌ಕಾಮ್‌ನ ಡಿಎಸ್‌ಎಲ್ ಭಾಗಕ್ಕೆ ಮುಕ್ತ ಡ್ರೈವರ್ ಇಲ್ಲದ್ದರಿಂದ ಅಂಥ ಪೆಟ್ಟಿಗೆಯಲ್ಲಿ ಅದು ಕೂತರೂ ಮೋಡೆಮ್ ಕೆಲಸ ಮಾಡುವುದಿಲ್ಲ. ನಾನು ಹಳೆಯದೊಂದನ್ನು ಕೊಂಡು, ಅದರ ಹಲಗೆಗೆ ಮೂರು ತಂತಿ ಬೆಸೆದು, 3.3 ವೋಲ್ಟ್‌ನ ಸೀರಿಯಲ್ ಕೇಬಲ್ ಮೂಲಕ ತಂತ್ರಾಂಶ ಏರಿಸಿದೆ. ಬೆಸುಗೆ ಒಮ್ಮೆ ಕಿತ್ತುಬಂತು. ಆದರೆ ಮುಗಿದ ಮೇಲೆ ದೊರೆತ ಸೊಗಸೇ ಬೇರೆ: ತಂತಿಯ ಗದ್ದಲದ ಪ್ರಮಾಣ, ಸಂಕೇತ ಎಷ್ಟು ಕುಗ್ಗಿದೆ, ಎಷ್ಟು ಹೊತ್ತಿನಿಂದ ಕಡಿದಿಲ್ಲ ಎಂಬುದೆಲ್ಲ ಕಣ್ಣೆದುರಿಗೆ. ಇಷ್ಟಾದರೂ ಡಿಎಸ್‌ಎಲ್ ಚಿಪ್‌ಗೆ ಉಣಿಸುವ ಫರ್ಮ್‌ವೇರ್ ಮುಚ್ಚಿದ್ದೇ ಆಗಿದೆ, ಪೂರ್ತಿ ಮುಕ್ತವೆಂದು ಹೇಳಿಕೊಳ್ಳುವಂತಿಲ್ಲ. ಮನೆಯಲ್ಲಿ ಇರುವುದು ಒಂದೇ ಸಂಪರ್ಕವಾದರೆ ಈ ಪ್ರಯೋಗ ಬೇಡ.

ನನ್ನ ಮೇಜಿನ ಮೇಲೆ ಈಗ ಉಳಿದಿರುವುದು ಬ್ರಿಡ್ಜ್ ಮಾಡಿದ ಈಥರ್ನೆಟ್ ಮೋಡೆಮ್. ಅದು ಕೈಕೊಟ್ಟ ದಿನಕ್ಕೆಂದು ಹೈಲಿಂಕ್ ಡಾಂಗಲ್. ಎರಡನ್ನೂ ಒಟ್ಟಿಗೆ ಸಿಕ್ಕಿಸಿಡುವವರಿಗೆ ಒಂದು ಎಚ್ಚರಿಕೆ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ದಾರಿಗಳಿಗೆ ಕೊಡುವ ಸಂಖ್ಯೆ ಕಡಿಮೆಯಿದ್ದಷ್ಟೂ ಆ ದಾರಿಗೆ ಆದ್ಯತೆ ಹೆಚ್ಚು. ಈಥರ್ನೆಟ್‌ಗೆ ಅದು 100ರಿಂದ ಎಣಿಸುತ್ತದೆ, ಮೊಬೈಲ್ ಮೋಡೆಮ್‌ಗೆ 700 ಕೊಡುತ್ತದೆ. ಹೈಲಿಂಕ್ ತಾನೂ ಈಥರ್ನೆಟ್ ಎಂದು ಹೇಳಿಕೊಳ್ಳುವುದರಿಂದ ಅದಕ್ಕೂ ನೂರರ ಆಸುಪಾಸಿನ ಸಂಖ್ಯೆಯೇ ಸಿಗುತ್ತದೆ, ಆಗ ಮೇಜಿನ ಮೋಡೆಮ್ ಸುಮ್ಮನಿದ್ದು ಸಿಮ್‌ನ ಡೇಟಾ ಖರ್ಚಾಗಬಹುದು. ತಿಂಗಳ ಡೇಟಾ ಅರ್ಧ ದಿನದಲ್ಲಿ ಮುಗಿದ ಮೇಲೆ ನಾನು ಡಾಂಗಲ್‌ನ ಸಂಪರ್ಕಕ್ಕೆ 700 ಎಂದು ಕೈಯಾರೆ ಬರೆದಿಟ್ಟಿದ್ದೇನೆ.