ಎರಡು ಮ್ಯಾಪು, ಒಂದು ಬೆಟ್ಟ

ನನ್ನ ಫೋನಿನಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನೋ ದಾರಿ ತೋರಿಸುವ ಆ್ಯಪ್, ತಮ್ಮನ ಫೋನಿನಲ್ಲಿ ಗೂಗಲ್ ಮ್ಯಾಪ್ಸ್. ಯಾವುದು ವಾಸಿ ಅಂತ ನೋಡೋಕೆ ಚಿಕ್ಕಮಗಳೂರಿಂದ ಮುಳ್ಳಯ್ಯನಗಿರಿಗೆ ಹೊರಟೆವು.

ಊರೊಳಗೆ ಗೂಗಲ್‌ನದ್ದೇ ಮೇಲುಗೈ, ಸುಮ್ನೆ ವಾದ ಬೇಡ. ಎಂ.ಜಿ. ರಸ್ತೆಯ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತೆ ಅನ್ನೋದೂ ಅದರಲ್ಲಿ ಸಿಗುತ್ತೆ. ಆರ್ಗ್ಯಾನಿಕ್‌ಗೆ ನಕ್ಷೆ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. 2004ರಲ್ಲಿ ಶುರುವಾದ ಇದನ್ನು ಜನರೇ ತುಂಬಿಸುತ್ತಾರೆ. ಯಾರಾದರೂ ಸೇರಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಬೀದಿಯ ಹಿಟ್ಟಿನ ಗಿರಣಿಯನ್ನು ನಾನೇ ಸೇರಿಸಿದೆ.

ಭಾನುವಾರ ಬೇರೆ. ಕೈಮರದ ಹತ್ತಿರ ಗಾಡಿಗಳ ಸಾಲು. ತಮ್ಮನ ಮ್ಯಾಪಿನಲ್ಲಿ ರಸ್ತೆ ಕೆಂಪಾಗಿತ್ತು. ನನ್ನದಕ್ಕೆ ಟ್ರಾಫಿಕ್ ಸುದ್ದಿಯೇ ಗೊತ್ತಾಗಲ್ಲ. "ನೋಡಿದ್ಯಾ ಅಣ್ಣಾ?" ಅಂತ ಬೀಗಿದ. ಆದರೆ ಆ ಕೆಂಪು ಬಂದಿದ್ದು ಎಲ್ಲಿಂದ? ಸಾಲಿನಲ್ಲಿ ನಿಂತವರ ಫೋನುಗಳೇ ಎಲ್ಲಿದ್ದೇವೆ, ಎಷ್ಟು ನಿಧಾನ ಅಂತ ಗೂಗಲ್‌ಗೆ ಹೇಳುತ್ತಿರುತ್ತವೆ. ಆರ್ಗ್ಯಾನಿಕ್‌ನಲ್ಲಿ ಜಾಹೀರಾತಿಲ್ಲ, ದಾರಿ ನೋಡೋಕೆ ಅಕೌಂಟ್ ಬೇಡ, ನಾವು ಎಲ್ಲಿ ಹೋದೆವು ಅಂತ ಯಾರಿಗೂ ವರದಿ ಹೋಗಲ್ಲ. ಮೊದಲೆಲ್ಲ ಟೀ ಅಂಗಡಿಯಲ್ಲಿ ದಾರಿ ಕೇಳ್ತಿದ್ವಲ್ಲ, ಹಾಗೆ. ಅವರೇನು ನಮ್ಮ ಹೆಸರು ಬರೆದಿಟ್ಟುಕೊಳ್ತಿದ್ರಾ?

ಬೆಟ್ಟ ಹತ್ತುವ ಕಾಲುದಾರಿ ಶುರುವಾಗುವ ಸರ್ಪದಾರಿಯಲ್ಲಿ ಗಾಡಿ ನಿಲ್ಲಿಸಿ ಎರಡೂ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದೆವು. ಜಿಪಿಎಸ್ ಉಪಗ್ರಹದಿಂದ ಬರೋದು, ಅದಕ್ಕೆ ನೆಟ್ ಬೇಡ. ಗೂಗಲ್ ನಕ್ಷೆಯನ್ನೂ ಮೊದಲೇ ಇಳಿಸಿಕೊಳ್ಳಬಹುದು, ಆದರೆ ನೆಟ್ ಇಲ್ಲದಾಗ ಅದು ಗಾಡಿ ದಾರಿ ಮಾತ್ರ ತೋರಿಸುತ್ತೆ, ನಡೆಯುವ ದಾರಿ ಹೇಳಲ್ಲ. ನನ್ನ ಫೋನಿನಲ್ಲಿ ಕಾಲುದಾರಿ ಚುಕ್ಕೆಗೆರೆಯಾಗಿ ಬೆಟ್ಟ ಹತ್ತುತ್ತಿತ್ತು. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳು ಹತ್ತಿರವಾದಷ್ಟೂ ಏರು ಕಡಿದು; ಅವು ಒಂದರ ಮೈಮೇಲೆ ಒಂದು ಬಿದ್ದಹಾಗೆ ಹತ್ತಿರವಾದ ಕಡೆ ನಿಜಕ್ಕೂ ಮಂಡಿಗೆ ಕೈ ಕೊಟ್ಟು ಹತ್ತಬೇಕಾಯಿತು. ಅರ್ಧ ದಾರಿಯಲ್ಲಿ ಮಂಜು ಕವಿದು ಹತ್ತು ಅಡಿ ಆಚೆ ಏನೂ ಕಾಣಲಿಲ್ಲ. ಪರದೆ ಒದ್ದೆ, ಬೆರಳೂ ಒದ್ದೆ. ಅಂಗಿಯ ತುದಿಯಲ್ಲಿ ಒರೆಸಿ ಒರೆಸಿ ನೋಡಿದೆ. ಬಾಣ ಮಾತ್ರ ಗೆರೆ ಬಿಟ್ಟಿರಲಿಲ್ಲ. 1930 ಮೀಟರಿನ ತುದಿ ಮುಟ್ಟುವವರೆಗೂ ತಮ್ಮ ನನ್ನ ಹಿಂದೆಯೇ ಬಂದ, ಬೀಗಲಿಲ್ಲ.

ಈಗ ತೋಟಕ್ಕೆ, ಡಾಕ್ಟರ ಹತ್ತಿರ, ನೆಂಟರ ಮನೆಗೆ ಹೋಗೋಕೆಲ್ಲ ನನಗೆ ಆರ್ಗ್ಯಾನಿಕ್ಕೇ. ಕರ್ನಾಟಕದ ನಕ್ಷೆಯನ್ನು ಒಮ್ಮೆ ವೈಫೈನಲ್ಲಿ ಇಳಿಸಿಕೊಂಡಿದ್ದೇನೆ, ಆಗಾಗ ಅಪ್‌ಡೇಟ್ ಮಾಡಿದರೆ ಸಾಕು. ಭಾನುವಾರ ಕೈಮರದ ಕಡೆ ಹೋಗೋದಿದ್ದರೆ ಮಾತ್ರ ತಮ್ಮನಿಗೆ ಫೋನ್ ಮಾಡಿ "ಕೆಂಪಿದೆಯೇನೋ?" ಅಂತ ಕೇಳುತ್ತೇನೆ.